ಹೋಗಿ ಬರ್ತೀನಿ ಅಂದಿದ್ದೇ ತಪ್ಪಾಯ್ತು

ಕಳೆದ ಗುರುವಾರದಿಂದ ಆಫೀಸಿನಲ್ಲಿ ನನ್ನ ಹೆಸರು ಬದಲಾಗಿದೆ. 22 ವರ್ಷ ಲೆಕ್ಕ ಬರೆದು, ಕನ್ನಡಕದ ಪವರ್ ಏರಿಸಿಕೊಂಡು ಸಂಪಾದಿಸಿದ ಹೆಸರು ಒಂದೇ ನಿಮಿಷದಲ್ಲಿ ಹೋಯಿತು. ಈಗ ನಾನು 'ಗೋ ಆಂಡ್ ಕಮ್' ಸಾರ್.

ವಾರಕ್ಕೆ ನಾಲ್ಕು ದಿನ ತುಮಕೂರಿನಿಂದ ರೈಲು ಹತ್ತಿ 70 ಕಿಲೋಮೀಟರ್ ದೂರದ ಬೆಂಗಳೂರಿಗೆ ಹೋಗುತ್ತೇನೆ. ಗುರುವಾರ ಮಾತ್ರ ಮನೆಯಿಂದ ಕೆಲಸ. ಅಂದರೆ ಆಫೀಸಿನ ಕೆಲಸದ ಜೊತೆಗೆ ಮನೆ ಕೆಲಸವೂ ಅಂತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಅವತ್ತು ಹನ್ನೊಂದಕ್ಕೆ ಮೀಟಿಂಗ್. ಲ್ಯಾಪ್‌ಟಾಪ್ ಕೈಕೊಟ್ಟಿತ್ತು, ಫೋನನ್ನೇ ಸಕ್ಕರೆ ಡಬ್ಬಕ್ಕೆ ಒರಗಿಸಿ ಕೂತಿದ್ದೆ. ಪರದೆಯಲ್ಲಿ ಹದಿನೆಂಟು ಮುಖ. ಸರಿಯಾಗಿ ನನ್ನ ಸರದಿ ಬಂದಾಗ ಗೇಟಿನ ಹತ್ತಿರ ಸದ್ದಾಯಿತು. "ಸಿಲಿಂಡ್ರ್!"

ಐದು ದಿನದಿಂದ ಕಾದ ಸಿಲಿಂಡರ್. ಹಿಂದಿನ ಸಲ ಎರಡು ನಿಮಿಷ ತಡ ಮಾಡಿದ್ದಕ್ಕೆ ಗಾಡಿ ಮುಂದಿನ ರಸ್ತೆಗೆ ಹೋಗಿ, ಆಮೇಲೆ ನಾನು ಲುಂಗಿಯಲ್ಲೇ ಅದರ ಹಿಂದೆ ಓಡಿದ್ದು ನಮ್ಮ ಬೀದಿಯಲ್ಲಿ ಇನ್ನೂ ಯಾರೂ ಮರೆತಿಲ್ಲ. ಹೆಂಡತಿ ಸ್ನಾನಕ್ಕೆ ಹೋಗಿದ್ದಳು. ಬಚ್ಚಲಿನಿಂದಲೇ "ರೀ, ಬಿಟ್ರೆ ಇವತ್ತೂ ಸಿಗಲ್ಲ" ಅಂದಳು. ನಾನು ಎದ್ದು ನಿಂತು, ಬಹಳ ಮರ್ಯಾದೆಯಿಂದಲೇ ಹೇಳಿದೆ: "ಎಕ್ಸ್‌ಕ್ಯೂಸ್ ಮಿ, ಒನ್ ಮಿನಿಟ್, ಐ ವಿಲ್ ಗೋ ಆಂಡ್ ಕಮ್."

ಹೇಳಿ ಹೋದೆ. ಅಲ್ಲಿ ಹುಡುಗ, "ಓಟಿಪಿ ಹೇಳಿ ಸಾರ್" ಅಂದ. ಓಟಿಪಿ ಬಂದಿರುವುದು ಯಾವ ಫೋನಿಗೆ? ಸಕ್ಕರೆ ಡಬ್ಬಕ್ಕೆ ಒರಗಿದ ಫೋನಿಗೆ. ವಾಪಸ್ ಓಡಿ ಅದನ್ನೇ ಎತ್ತಿಕೊಂಡು ಗೇಟಿಗೆ ಬಂದೆ. ಕ್ಯಾಮೆರಾ ಆರಿಸಲಿಲ್ಲ, ಮೈಕೂ ಆರಿಸಲಿಲ್ಲ. ಅಂದರೆ ಹೋಗಿ ಬರ್ತೀನಿ ಅಂದವನು ಹದಿನೆಂಟು ಜನರನ್ನೂ ಜೊತೆಗೆ ಕರೆದುಕೊಂಡೇ ಹೋದೆ. ಅವರು ಮೊದಲು ನಮ್ಮ ಹಾಲಿನ ಫ್ಯಾನು ನೋಡಿದರು. ಆಮೇಲೆ ಒಣಗಲು ಹಾಕಿದ್ದ ಬಟ್ಟೆ. ಆಮೇಲೆ ಸಿಲಿಂಡರ್ ಹುಡುಗನ ಮೂಗು, ತೀರಾ ಹತ್ತಿರದಿಂದ. ನಾನು ಓಟಿಪಿಯನ್ನು ಎರಡು ಸಲ ಗಟ್ಟಿಯಾಗಿ ಓದಿದೆ. ಅವನು "ಸೀಲ್ ನೋಡ್ಕೊಳ್ಳಿ ಸಾರ್" ಅಂದ. ಹದಿನೆಂಟು ಜನವೂ ಸೀಲ್ ನೋಡಿಕೊಂಡರು.

ಇಷ್ಟಕ್ಕೆ ನಕ್ಕಿದ್ದರೆ ನಾನೂ ನಗುತ್ತಿದ್ದೆ. ಆದರೆ ಅವರು ನಕ್ಕಿದ್ದು ಸಿಲಿಂಡರಿಗಲ್ಲ. ನಾನು ಕೂತ ತಕ್ಷಣ ನಮ್ಮ ಮ್ಯಾನೇಜರ್ (ನನಗಿಂತ ಇಪ್ಪತ್ತು ವರ್ಷ ಚಿಕ್ಕವನು) "ಸೋ, ಡಿಡ್ ಯೂ ಗೋ ಆಂಡ್ ಕಮ್?" ಅಂದ. ಆಗ ಎಲ್ಲರೂ ನಕ್ಕರು. ಬೆಂಗಳೂರಿನಲ್ಲೇ ಹುಟ್ಟಿ ಬೆಳೆದ ಇಬ್ಬರು ಕನ್ನಡದವರು ಎಲ್ಲರಿಗಿಂತ ಜಾಸ್ತಿ ನಕ್ಕರು. ದಿನಾ ಅವರೂ ಮನೆಯಲ್ಲಿ 'ಹೋಗಿ ಬರ್ತೀನಿ' ಅಂತಲೇ ಹೇಳಿ ಬರುವವರು, ಅಲ್ವಾ?

ಸಂಜೆ ಮಗಳನ್ನು ಕೇಳಿದೆ. ಅವಳು ಇಂಗ್ಲಿಷ್ ಎಂ.ಎ. ಓದುತ್ತಿದ್ದಾಳೆ. "ಅಪ್ಪ, 'ಐ ವಿಲ್ ಬಿ ರೈಟ್ ಬ್ಯಾಕ್' ಅನ್ನಬೇಕು" ಅಂದಳು. ಇದು ನ್ಯಾಯವಾ? ಹೋಗುವ ಮಾತೇ ಇಲ್ಲ, ಸೀದಾ ವಾಪಸ್ ಬಂದು ಕೂತಾಗಿದೆ. ಹೋಗುವುದನ್ನೂ ಬರುವುದನ್ನೂ ಎರಡನ್ನೂ ಲೆಕ್ಕಕ್ಕೆ ತೋರಿಸಿದ ನಾನು ತಪ್ಪು. ಅಕೌಂಟ್ಸ್‌ನವನಿಗೆ ಇದು ಹೇಗೆ ಒಪ್ಪಿಗೆಯಾಗುತ್ತೆ?

ನನ್ನ ಸಿಟ್ಟಿಗೆ ಇನ್ನೊಂದು ಕಾರಣ ಇದೆ. ನನ್ನ 'ಆಂಡ್' ನೋಡಿ ನಗುವ ಈ ಮ್ಯಾನೇಜರ್ ಇದ್ದಾನಲ್ಲ, ಅವನಿಗೆ 'ಟ್ರೈ ಆಂಡ್' ಇಲ್ಲದೆ ಬಾಯೇ ತೆರೆಯಲು ಬರುವುದಿಲ್ಲ. ಟ್ರೈ ಆಂಡ್ ಫಿನಿಷ್ ಇಟ್ ಟುಡೇ. ಟ್ರೈ ಆಂಡ್ ಕಾಲ್ ದೆಮ್. ಟ್ರೈ ಆಂಡ್ ಕಮ್ ಅರ್ಲಿ. ಅವನು ಬಂದ ಹೊಸದರಲ್ಲಿ ನಾನು ಇದನ್ನು ಎರಡು ಕೆಲಸ ಅಂದುಕೊಂಡಿದ್ದೆ. ಮೊದಲು ಪ್ರಯತ್ನ, ಆಮೇಲೆ ಮುಗಿಸುವುದು. ಒಂದು ಸಲ ಜಿಎಸ್‌ಟಿ ಫೈಲ್ ಬಗ್ಗೆ ಹೀಗೇ ಹೇಳಿದ. ಸಂಜೆಯವರೆಗೆ ಪ್ರಾಮಾಣಿಕವಾಗಿ ಪ್ರಯತ್ನಪಟ್ಟೆ, ಆಗಲಿಲ್ಲ. "ಐ ಟ್ರೈಡ್" ಅಂದೆ. ಅವನು ನನ್ನ ಮುಖವನ್ನೇ ನೋಡುತ್ತಾ, "ಆಂಡ್?" ಅಂದ.

ಆಂಡ್ ಏನೂ ಇಲ್ಲಪ್ಪ, ಅಷ್ಟೇ.

ಮಾರನೇ ದಿನ ಮುಗಿಸಿ, ಹೆಮ್ಮೆಯಿಂದ 'ಐ ಟ್ರೈಡ್ ಆಂಡ್ ಫಿನಿಷ್ಡ್' ಅಂತ ಮೇಲ್ ಹಾಕಿದೆ. ಅದೂ ತಪ್ಪಂತೆ! ಮಗಳ ಪ್ರಕಾರ 'ಟ್ರೈ ಆಂಡ್' ಅನ್ನುವುದು 'ಟ್ರೈ' ಬರೀ ಮೈಯಲ್ಲಿ ಇದ್ದಾಗ ಮಾತ್ರ ನಡೆಯುತ್ತೆ. ಐ ವಿಲ್ ಟ್ರೈ ಆಂಡ್ ಫಿನಿಷ್, ಸರಿ. ಆದರೆ ಟ್ರೈಸ್, ಟ್ರೈಡ್, ಟ್ರೈಯಿಂಗ್ ಅಂತ ಬಾಲ ಬಂತೋ, 'ಆಂಡ್' ಆಗಲ್ಲ, 'ಟು' ಬೇಕು. ಅಮೆರಿಕದವರ 'ಗೋ ಗೆಟ್' ಕೂಡ ಹಾಗೇ. 'ಗೋ ಗೆಟ್ ಕಾಫಿ' ಅನ್ನಬಹುದು, 'ವೆಂಟ್ ಗಾಟ್ ಕಾಫಿ' ಅನ್ನುವ ಹಾಗಿಲ್ಲ. ಅಂದರೆ ಆಜ್ಞೆ ಕೊಡುವವನಿಗೆ ಒಂದು ವ್ಯಾಕರಣ, ಮಾಡಿ ಮುಗಿಸಿದವನಿಗೆ ಇನ್ನೊಂದು. ಆಫೀಸು ಅಂದ ಮೇಲೆ ಇದೇನು ಹೊಸದಲ್ಲ ಬಿಡಿ.

ರೈಲಿನಲ್ಲಿ ನಮ್ಮ ಬೋಗಿಯಲ್ಲಿ ಒಬ್ಬರು ರಿಟೈರ್ಡ್ ಇಂಗ್ಲಿಷ್ ಮೇಷ್ಟ್ರು ಬರುತ್ತಾರೆ. ಕ್ಯಾತ್ಸಂದ್ರ ದಾಟುವಷ್ಟರಲ್ಲಿ ಅವರ ಹತ್ತಿರ ಎಲ್ಲ ತೋಡಿಕೊಂಡೆ. ಅವರಾದರೂ ಮ್ಯಾನೇಜರನ್ನು ಬೈಯಲಿ ಅಂತ ಆಸೆ. ಅವರು ನಿಧಾನವಾಗಿ ತಟ್ಟೆ ಇಡ್ಲಿ ಪೊಟ್ಟಣ ಬಿಚ್ಚಿ, "ಅದೇನು ತಪ್ಪಲ್ಲ ಸಾರ್. 1926ರಲ್ಲೇ ಫೌಲರ್ ಅನ್ನೋ ಇಂಗ್ಲೆಂಡಿನ ವ್ಯಾಕರಣದವರು 'ಟ್ರೈ ಆಂಡ್'ಗೆ ಪರವಾಗಿಲ್ಲ ಅಂದಿದ್ದಾರೆ" ಅಂದರು. ಹೋಗಿ ಹೋಗಿ ಇವರನ್ನು ಕೇಳಿದೆನಲ್ಲ ಅನ್ನಿಸಿತು.

ಹಾಗೆ ಬಾಯಿಬಿಟ್ಟು ಅಂದೂ ಬಿಟ್ಟೆ ಅಂತ ಕಾಣುತ್ತೆ. ಮೇಷ್ಟ್ರು ಕೈಯಲ್ಲಿದ್ದ ಇಡ್ಲಿ ಕೆಳಗಿಟ್ಟರು. "ಈಗ ಅಂದ್ರಲ್ಲ ಹೋಗಿ ಹೋಗಿ ಅಂತ, ಎಲ್ಲಿಗೆ ಹೋದ್ರಿ? ಕೂತ ಸೀಟು ಬಿಟ್ಟಿಲ್ಲ. ಇಂಗ್ಲಿಷಿನವರೂ ಹೀಗೇ. 'ಹಿ ವೆಂಟ್ ಆಂಡ್ ಬ್ರೋಕ್ ಇಟ್' ಅಂದರೆ ಅವನು ಎಲ್ಲಿಗೂ ಹೋಗಿಲ್ಲ. ಒಡೆದು ಹಾಕಿಬಿಟ್ಟನಲ್ಲ ಅಂತ ಹೊಟ್ಟೆ ಉರಿ ಅಷ್ಟೇ." ಹಿರೇಹಳ್ಳಿ ಬಂದರೂ ಪಾಠ ಮುಗಿಯಲಿಲ್ಲ. ನಮ್ಮ 'ಮಾಡಿ ನೋಡು'ವಿನಲ್ಲಿ ಕಣ್ಣಿಗೇನೂ ಕೆಲಸ ಇಲ್ಲವಂತೆ, ಅದೇ ನಮ್ಮ 'ಟ್ರೈ'ಯಂತೆ. ಅವರು ಮೊದಲು ಪ್ರಯತ್ನಿಸಿ ಆಮೇಲೆ ಮಾಡುತ್ತಾರೆ. ನಾವು ಮೊದಲು ಮಾಡಿ ಆಮೇಲೆ ನೋಡುತ್ತೇವೆ. ನಮ್ಮೂರಿನ ರಸ್ತೆ ಅಗೆಯುವವರನ್ನು ಕಂಡಾಗಲೆಲ್ಲ ನನಗೂ ಹಾಗೇ ಅನ್ನಿಸಿದೆ.

ನಿಜ ಹೇಳಬೇಕೆಂದರೆ ಕನ್ನಡಕ್ಕೆ ಈ 'ಆಂಡ್' ಬೇಕಾಗೇ ಇಲ್ಲ. ಎದ್ದು, ಮುಖ ತೊಳೆದು, ಕಾಫಿ ಕುಡಿದು, ಪೇಪರ್ ಓದಿ, ಬೈಸಿಕೊಂಡು, ಸ್ನಾನ ಮಾಡಿ, ತಿಂಡಿ ತಿಂದು, ಓಡಿ ರೈಲು ಹತ್ತಿದೆ. ಎಂಟು ಕೆಲಸ ಮುಗಿದಿದೆ, ಒಂದು 'ಮತ್ತು' ಇಲ್ಲ. ಶಾಲೆಯಲ್ಲಿ ಇದಕ್ಕೆ ಕೃದಂತಾವ್ಯಯ ಅಂತ ಹೇಳಿಕೊಟ್ಟು ಹೆದರಿಸಿದ್ದರು. ಈಗ ಫೋನು ತೆಗೆದರೆ 'ಪರಿಶೀಲಿಸಿ ಮತ್ತು ಮತ್ತೆ ಪ್ರಯತ್ನಿಸಿ' ಅನ್ನುತ್ತೆ. ಮತ್ತು ಮತ್ತೆ! ಪಾಪ, ಯಂತ್ರಕ್ಕೆ ಉಗ್ಗು ಬಂದಿದೆ ಅಂದುಕೊಳ್ಳಬೇಕು. ಅವರ 'ಆಂಡ್' ನಮ್ಮ ಮನೆಗೆ ಬಂದು ಹೀಗೆ ಕಾಲು ಚಾಚಿ ಮಲಗಿದರೆ ಯಾರೂ ನಗುವುದಿಲ್ಲ. ನಮ್ಮ 'ಹೋಗಿ ಬರ್ತೀನಿ' ಅವರ ಮನೆ ಬಾಗಿಲಿಗೆ ಹೋದರೆ ಮೀಟಿಂಗಿಗೆ ಮೀಟಿಂಗೇ ನಗುತ್ತೆ.

ಮೊದಲ ಸಲ ಬೆಂಗಳೂರಿನ ಕೆಲಸಕ್ಕೆ ಹೊರಟಾಗ ಅವಸರದಲ್ಲಿ "ಹೋಗ್ತೀನಮ್ಮ" ಅಂದುಬಿಟ್ಟಿದ್ದೆ. ಅಮ್ಮ ಹೊಸಿಲಿನಿಂದ ವಾಪಸ್ ಕರೆದು, ಕೂರಿಸಿ, ಒಂದು ಲೋಟ ನೀರು ಕುಡಿಸಿ, "ಈಗ ಸರಿಯಾಗಿ ಹೇಳು" ಅಂದಳು. ರೈಲು ತಪ್ಪಿತು. ಅದರ ಚಿಂತೆ ಅವಳಿಗಿರಲಿಲ್ಲ. ಕೊನೆಗೆ ಆಸ್ಪತ್ರೆಗೆ ಕರೆದುಕೊಂಡು ಹೊರಟ ರಾತ್ರಿಯೂ, ಆಟೋ ಹತ್ತುವ ಮುಂಚೆ ಪಕ್ಕದ ಮನೆಯವರಿಗೆ, ಆಮೇಲೆ ತುಳಸಿ ಗಿಡಕ್ಕೆ, ಹೋಗಿ ಬರ್ತೀನಿ ಅಂತ ಹೇಳಿಯೇ ಹತ್ತಿದಳು.

ಅವಳ ಮುಂದೆ ನಿಂತು 'ಬಿ ರೈಟ್ ಬ್ಯಾಕ್' ಅಂದಿದ್ದರೆ ಇನ್ನೊಂದು ಲೋಟ ನೀರು ಕುಡಿಸುತ್ತಿದ್ದಳೋ ಏನೋ.

ಇದನ್ನು ಬರೆಯುತ್ತಿದ್ದ ಹಾಗೇ ಫೋನು ಟಿಣ್ ಅಂದಿತು. ಮ್ಯಾನೇಜರ್. 'ಪ್ಲೀಸ್ ಟ್ರೈ ಆಂಡ್ ಜಾಯಿನ್ ದಿ ಕಾಲ್ ಟುಮಾರೋ, ಏಟ್ ಎಎಂ.' ಎಂಟು ಗಂಟೆಗೆ ನಾನು ಡಾಬಸ್‌ಪೇಟೆ ದಾಟಿ ರೈಲಿನಲ್ಲಿ ಒಂಟಿ ಕಾಲಲ್ಲಿ ನಿಂತಿರುತ್ತೇನೆ. ಸಿಗ್ನಲ್ಲೂ ಇರುವುದಿಲ್ಲ, ಫೋನ್ ತೆಗೆಯಲು ಕೈಯೂ ಖಾಲಿ ಇರುವುದಿಲ್ಲ. ಸ್ವಲ್ಪ ಹೊತ್ತು ಯೋಚಿಸಿ, 'ಐ ವಿಲ್ ಟ್ರೈ' ಅಂತ ಬರೆದು, ಪಕ್ಕದಲ್ಲಿ ದೊಡ್ಡದಾಗಿ ಒಂದು ಚುಕ್ಕಿ ಇಟ್ಟು ಕಳಿಸಿದೆ. ಆಂಡ್ ಹಾಕಲಿಲ್ಲ.