ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ

'ಕಂಬಳ ಓಡಿಸುವವರಿಗೆ ಸ್ಪೇನಿನ ಗೂಳಿಕಾಳಗವನ್ನು ಬೈಯುವ ಹಕ್ಕಿಲ್ಲ' ಅಂತ ಲೇಖನವೊಂದರಲ್ಲಿ ಅದರ ಲೇಖಕರು ಬರೆದಿದ್ದಾರೆ. ಒಪ್ಪಲಾರೆ ಸಾರ್. ಅಲ್ಲಿ ಮೊದಲು ಕುದುರೆ ಮೇಲಿರುವವನು ಗೂಳಿಯ ಕತ್ತಿನ ಸ್ನಾಯುವಿಗೆ ಈಟಿಯಿಂದ ತಿವಿಯುತ್ತಾನೆ, ತಲೆ ಎತ್ತಲಾಗದೆ ಅದು ಬಗ್ಗಲಿ ಅಂತ. ಆಮೇಲೆ ಬಣ್ಣದ ಕಾಗದ ಸುತ್ತಿದ ಮುಳ್ಳುಕೋಲುಗಳನ್ನು ಜೋಡಿ ಜೋಡಿಯಾಗಿ ಭುಜಕ್ಕೆ ನಾಟುತ್ತಾರೆ. ಕೊನೆಗೆ ಕತ್ತಿ. ಚೆನ್ನಾಗಿ ಕಾದಾಡಿದ ಗೂಳಿಗೆ ಅಪರೂಪಕ್ಕೆ 'ಕ್ಷಮಾದಾನ' ಉಂಟು. ಅದು ಮಾಡಿದ ತಪ್ಪಾದರೂ ಏನು? ನಮ್ಮ ಕಂಬಳದ ಕೋಣ ಓಟ ಮುಗಿಯುವ ಜಾಗವಾದ ಮಂಜೊಟ್ಟಿ ಮುಟ್ಟಿ, ಮೈ ತೊಳೆಸಿಕೊಂಡು ಹಟ್ಟಿಗೆ ವಾಪಸ್ ಬರುತ್ತದೆ.

ಇನ್ನು ಗೂಳಿಕಾಳಗವೂ ಸಂಪ್ರದಾಯವೇ ಎಂಬ ಮಾತು. ಅದರಲ್ಲಿ ಸ್ಪೇನಿನವರಲ್ಲೇ ಒಮ್ಮತವಿಲ್ಲ. ಅಲ್ಲಿನ ಕೆಟಲೋನಿಯಾ ಪ್ರಾಂತ್ಯದ ಶಾಸನಸಭೆ 2010ರಲ್ಲಿ ಗೂಳಿಕಾಳಗವನ್ನು ನಿಷೇಧಿಸಿತು, 2016ರಲ್ಲಿ ದೇಶದ ಸಾಂವಿಧಾನಿಕ ನ್ಯಾಯಾಲಯ ಆ ನಿಷೇಧವನ್ನೇ ರದ್ದು ಮಾಡಿತು. ಸ್ಪೇನಿನಿಂದಲೇ ಇದನ್ನು ಕಲಿತ ಕೊಲಂಬಿಯಾ 2024ರಲ್ಲಿ ನಿಷೇಧದ ಕಾನೂನು ತಂದಿದೆ.

ಹಾಗಂತ ನಾವೇನು ಸಾಚಾ ಅಲ್ಲ. 2023ರಲ್ಲಿ ಸುಪ್ರೀಂ ಕೋರ್ಟ್ ಕಂಬಳಕ್ಕೆ ಅವಕಾಶ ಕೊಡುವ ಕಾನೂನು ತಿದ್ದುಪಡಿಯನ್ನು ಎತ್ತಿಹಿಡಿದಾಗ ನಾನೂ ಖುಷಿಪಟ್ಟವನೇ. ಆದರೆ ಕೋಣ ಓಡುವ ಕೆಸರಿನ ಓಣಿ, ಅಂದರೆ ಕರೆಯ ಬದಿಯಲ್ಲಿ ನಿಂತು ನೋಡಿ, ಕೆಸರು ತೊಳೆದ ಮೇಲೆ ಕೋಣದ ಬೆನ್ನಿನ ಮೇಲೆ ಬಾಸುಂಡೆ ಕಾಣುತ್ತದೆ. ಲೇಖಕರು ಸ್ಪೇನಿಗೆ ಹೋಗದೆ ಅದೊಂದನ್ನೇ ಕೇಳಿದ್ದರೆ ನನ್ನ ಬಾಯಿ ಕಟ್ಟುತ್ತಿತ್ತು.