ಬಿಪಿ ನೋಡಿ ಹೊರಡಿ ಸಿಸ್ಟರ್!

ಮೈಸೂರಿನ ರಿಂಗ್ ರಸ್ತೆ ಆಸುಪಾಸಿನ ಅಪಾರ್ಟ್‌ಮೆಂಟುಗಳಲ್ಲಿ ಮೇಲಿನ ಮಹಡಿಗೇ ಬೇಡಿಕೆ ಜಾಸ್ತಿ. ಚಾಮುಂಡಿ ಬೆಟ್ಟ ಕಾಣುತ್ತದಲ್ಲ! ಹಾಸಿಗೆ ಹಿಡಿದ ಅಜ್ಜಿಯನ್ನು ಅಲ್ಲಿಂದ ಇಳಿಸುವುದು ಹೇಗೆ ಅನ್ನೋದು ಬ್ರೋಷರ್‌ನಲ್ಲಿ ಇರುವುದಿಲ್ಲ.

ಯಾವ ಫ್ಲ್ಯಾಟಿನಲ್ಲಿ ಯಾರು ಎದ್ದು ನಿಲ್ಲಲಾರರು, ಯಾರಿಗೆ ಆಕ್ಸಿಜನ್ ನಡೆಯುತ್ತಿದೆ, ಯಾರಿಗೆ ಅಲಾರಾಂ ಹೊಡೆದರೂ ಕಿವಿ ಕೇಳದು, ಇದೆಲ್ಲ ಗೊತ್ತಿರುವುದು ಮನೆಮನೆಗೆ ಬಂದು ಡ್ರೆಸಿಂಗ್ ಮಾಡಿ ಹೋಗುವ ನರ್ಸಮ್ಮನಿಗೆ. ಅಸೋಸಿಯೇಷನ್ ಹತ್ತಿರವೂ ಒಂದು ಪಟ್ಟಿ ಇದೆ, ಮೇಂಟೆನೆನ್ಸ್ ಬಾಕಿ ಇಟ್ಟವರದ್ದು.

ಸರ್ವಿಸ್ ಲಿಫ್ಟ್ ಕೆಟ್ಟ ದಿನ ಮೆಟ್ಟಿಲು ಹತ್ತುವವರೂ ನರ್ಸಮ್ಮ ಒಬ್ಬರೇ. ಹಾಗಾಗಿ ಕಾಣಬಾರದ್ದೆಲ್ಲ ಕಾಣುತ್ತದೆ. ತಾನಾಗಿ ಮುಚ್ಚಿಕೊಳ್ಳಬೇಕಾದ ಫೈರ್ ಡೋರಿಗೆ ಗಾಳಿ ಬರಲಿ ಅಂತ ತುಳಸಿ ಕುಂಡ ಅಡ್ಡ ಇಟ್ಟಿದ್ದಾರೆ. ಬೆಂಕಿ ಬಿದ್ದರೆ ಹೊಗೆಯೂ ಅದೇ ದಾರಿಯಲ್ಲಿ ಬಂದು ಮೆಟ್ಟಿಲು ತುಂಬಿಕೊಳ್ಳುತ್ತದೆ. ಮುಂದಿನ ತಿರುವಿನಲ್ಲಿ ದಸರಾ ಗೊಂಬೆಗಳ ರಟ್ಟಿನ ಪೆಟ್ಟಿಗೆಗಳು. ಬೆಂಕಿ ಆರಿಸುವ ನೀರಿನ ಪೈಪಿರುವ ಹೈಡ್ರೆಂಟ್ ಪೆಟ್ಟಿಗೆಯ ಹಿತ್ತಾಳೆ ನಾಜಲ್ ಗುಜರಿ ಸೇರಿ ಎಷ್ಟು ಕಾಲವಾಯಿತೋ. ಆ ಜಾಗದಲ್ಲೀಗ ಪೊರಕೆ.

ಪಂಪ್‌ರೂಮಿನ ಕಥೆ ಇನ್ನೂ ಚೆಂದ. ಬೆಂಕಿ ಆರಿಸುವ ಪೈಪಿನ ನೀರಿನ ಒತ್ತಡ ಸ್ವಲ್ಪ ಇಳಿದರೆ ಜಾಕಿ ಎಂಬ ಸಣ್ಣ ಪಂಪು, ತೀರಾ ಇಳಿದರೆ ಮೇನ್ ಪಂಪು ತಾನಾಗಿ ಶುರುವಾಗಬೇಕು. ಎಲ್ಲೋ ಸೋರಿಕೆ, ಜಾಕಿ ಹಗಲೂ ರಾತ್ರಿ ಓಡಿತು, ಕರೆಂಟ್ ಬಿಲ್ ಏರಿತು. ಸೋರಿಕೆ ಹುಡುಕುವವರಾರು? ಎರಡೂ ಸ್ವಿಚ್ಚನ್ನು ‘ಆಟೊ’ದಿಂದ ‘ಆಫ್‌’ಗೆ ತಿರುಗಿಸಿದರು. ಜನರಲ್ ಬಾಡಿಯಲ್ಲಿ ಉಳಿತಾಯಕ್ಕೆ ಚಪ್ಪಾಳೆ.

ನರ್ಸಮ್ಮ ಸುಮ್ಮನಿರುವವರಲ್ಲ. ಆಕ್ಸಿಜನ್ ಮಿಷನ್ ಪಕ್ಕ ಊದಿನಕಡ್ಡಿ ಬೇಡ ಅನ್ನುತ್ತಾರೆ. ಮಿಷನ್ ಆಫ್ ಮಾಡದೆ ಮೂಗಿನ ನಳಿಕೆಯನ್ನು ಹೊದಿಕೆ ಮೇಲೆ ಬಿಟ್ಟರೆ ಬಟ್ಟೆಯಲ್ಲೆಲ್ಲ ಆಕ್ಸಿಜನ್ ಸೇರಿ ಒಂದು ಕಿಡಿಗೆ ಭಗ್ಗೆನ್ನುತ್ತದೆ. ಏರ್‌ಬೆಡ್‌ಗೆ ಬೆಂಕಿ ತಗುಲಿ ತೂತಾದರೆ ಅದರ ಪಂಪೇ ಗಾಳಿ ಊದಿ ಉರಿ ಎಬ್ಬಿಸುತ್ತದೆ. ಬೆಲ್ಟ್ ಇರುವ ಇವ್ಯಾಕ್ಯುಯೇಷನ್ ಶೀಟನ್ನು ಮೊದಲೇ ಹಾಸಿಗೆ ಕೆಳಗೆ ಹಾಕಿಟ್ಟರೆ, ಕಸುವಿರುವ ಇಬ್ಬರು ಅಜ್ಜಿಯನ್ನು ಹಾಸಿಗೆ ಸಮೇತ ಮೆಟ್ಟಿಲಲ್ಲಿ ಜಾರಿಸಿ ಇಳಿಸಬಹುದು. ಆ ಇಬ್ಬರು ಯಾರು ಅಂತ ಇವತ್ತೇ ಬರೆದಿಡಿ ಎಂದು ಕಮಿಟಿಗೂ ಹೇಳಿದರು.

“ಸಿಸ್ಟರ್, ನೀವು ಬಿಪಿ ನೋಡ್ಕೊಂಡ್ ಹೊರಡಿ. ಫೈರ್ ಎನ್‌ಒಸಿ ಇದೆ ನಮ್ಮತ್ರ, ಫ್ರೇಮ್ ಹಾಕ್ಸಿದೀವಿ.”

ಆದರೂ ಕಮಿಟಿ ಕೈಕಟ್ಟಿ ಕೂತಿಲ್ಲ. ನೋಟಿಸ್ ಬೋರ್ಡ್ ನೋಡಿ: “ಭಾನುವಾರ ಬೆಳಿಗ್ಗೆ 10ಕ್ಕೆ ಫೈರ್ ಡ್ರಿಲ್. ಹಾಸಿಗೆ ಹಿಡಿದವರು, ಮಂಡಿನೋವಿನವರು ಮನೆಯಲ್ಲೇ ಇರತಕ್ಕದ್ದು. ನರ್ಸ್‌ಗಳಿಗೆ ಅಂದು ಪ್ರವೇಶವಿಲ್ಲ. ನಂತರ ಮಸಾಲೆ ದೋಸೆ ಇರುತ್ತದೆ. ನಿವಾಸಿಗಳು ಬೇಗ ಕೆಳಗಿಳಿಯಲು ಅನುಕೂಲವಾಗಲೆಂದು ಎರಡೂ ಲಿಫ್ಟ್ ಚಾಲೂ ಇಡಲಾಗಿದೆ.”