ಗಾಡಿಯೊಳಗೊಂದು ಪೆಂಡಾಲು

ಮದುವೆಗೆ ಹೊರಟಿದ್ದೆವು. ಹಿಂದಿನ ಸೀಟಿನಿಂದ ಹೆಂಡತಿ ಕೂಗಿದಳು. "ರೀ, ಇದೇನ್ರಿ ಇದು, ತಲಿ ಮ್ಯಾಲ ಯಾರೋ ಸೆರಗು ಹೊದಿಸಿದಂಗ ಆಗಾಕತ್ತೈತಿ!" ತಿರುಗಿ ನೋಡಿದೆ. ಕಾರಿನ ಒಳಚಾವಣಿಯ ಬಟ್ಟೆ ಜೋತುಬಿದ್ದು ಅವಳ ತುರುಬಿನ ಮೇಲೆ ಕೂತಿತ್ತು. ಮಲ್ಲಿಗೆ ದಂಡೆಗೆಲ್ಲ ಹಳದಿ ಪುಡಿ. ಅರಿಶಿನ ಹಚ್ಚುವ ಮನೆಯಾದ್ದರಿಂದ ಅದು ಯಾರ ಕಣ್ಣಿಗೂ ಬೀಳಲಿಲ್ಲ.

ನಮ್ಮ ಗಾಡಿ 2004ರದು. ಯಾವ ಕಂಪನಿ ಅಂತ ಕೇಳಬೇಡಿ. 20 ವರ್ಷ ದಾಟಿದ ಮೇಲೆ ಎಲ್ಲ ಗಾಡಿಗಳೂ ಒಂದೇ ಮನೆತನದವು. ನಂಬರ್ ಕೆಎ 28. ಕೊಂಡಾಗ ಊರಿನ ಹೆಸರು ಬಿಜಾಪುರ, 2014ರ ನವೆಂಬರ್ 1ರಿಂದ ವಿಜಯಪುರ. 15 ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೊಮ್ಮೆ ಆರ್‌ಟಿಓ ಆಫೀಸಿಗೆ ಹೋಗಿ ಮೈ ತೋರಿಸಿ ಬರುತ್ತದೆ. ಅಲ್ಲಿ ಬ್ರೇಕು, ಲೈಟು ಎಲ್ಲ ನೋಡುತ್ತಾರೆ. ಒಳಗೆ ಬಟ್ಟೆ ಜೋತುಬಿದ್ದಿದೆಯಾ ಅಂತ ಕೇಳುವುದಿಲ್ಲ. ನಮ್ಮ ಮೆಕ್ಯಾನಿಕ್ಕಿಗೂ ಅದು ಬೇಡ. ನಾನಾಗಿಯೇ ಹೇಳಿದರೆ, "ಇಂಜಿನ್ ಗುಂಡಿನಂಗ ಐತ್ರಿ ಸರ. ಒಳಗಿಂದು ತಗೊಂಡು ಏನ್ ಮಾಡ್ತೀರಿ?" ಅನ್ನುತ್ತಾನೆ. ಏನ್ ಮಾಡ್ತೀನಿ ಅಂದರೆ? ನಾನು ಕೂರೋದು ಅಲ್ಲೇ ಅಲ್ವಾ? ಇಂಜಿನ್ನಿನ ಮುಖ ನೋಡುವುದು ತಿಂಗಳಿಗೊಮ್ಮೆ, ಅದೂ ಅದು ಸಿಟ್ಟಾದಾಗ.

ಗಾಡಿಯ ಹೊರಗಿನ ಒಂದೊಂದು ಕಾಯಿಲೆಗೂ ಒಬ್ಬೊಬ್ಬ ವೈದ್ಯ ಇದ್ದಾನೆ. ತಗ್ಗು ಬಿದ್ದರೆ ಟಿಂಕರಿಂಗಿನವ, ವೈರು ಸುಟ್ಟರೆ ಎಲೆಕ್ಟ್ರಿಷಿಯನ್, ಟೈರಿಗೆ ಪಂಕ್ಚರಿನವ. ಒಳಗಿನ ಸಣ್ಣಪುಟ್ಟ ಸಂಕಟಗಳಿಗೆ ಮಾತ್ರ ಯಾರೂ ವಾರಸುದಾರರಿಲ್ಲ. ಡ್ಯಾಶ್‌ಬೋರ್ಡಿನ ಖಾನೆಯ ಮುಚ್ಚಳ ನಿಲ್ಲದಿದ್ದರೆ ಯಾರ ಹತ್ತಿರ ಹೋಗಬೇಕು? ನಾವು ರಬ್ಬರ್ ಬ್ಯಾಂಡ್ ಹಾಕಿದ್ದೇವೆ. ಗಾಜು ಇಳಿಸುವ ಹಿಡಿಕೆಗಳು ಒಂದೊಂದಾಗಿ ಒಳಹಲ್ಲು ಸವೆದು ಸುಮ್ನೆ ಗರಗರ ತಿರುಗತೊಡಗಿದವು. ಕೊನೆಗೆ ನಾಲ್ಕು ಬಾಗಿಲಿಗೆ ಒಂದೇ ಹಿಡಿಕೆ ಉಳಿಯಿತು. ಸೆಕೆಯಾದವರು ಕೇಳುತ್ತಾರೆ, ಉಳಿದವರು ಕೈಯಿಂದ ಕೈಗೆ ದಾಟಿಸುತ್ತಾರೆ. ಪಂಕ್ತಿಯಲ್ಲಿ ಉಪ್ಪು ದಾಟಿಸಿದ ಹಾಗೆ.

ಹೊಸ ಹಿಡಿಕೆಗಳು ಕಡೆಗೆ ಸಿಕ್ಕಿದ್ದು ಸೊಲ್ಲಾಪುರದಲ್ಲಿ, ಹಳೇ ಗಾಡಿ ಒಡೆಯುವವರ ಹತ್ತಿರ. ಬಿಚ್ಚುವ ಗುಟ್ಟನ್ನೂ ಅವರೇ ಹೇಳಿಕೊಟ್ಟರು. ಹಿಡಿಕೆಯ ಬೆನ್ನಿಗೆ ಕುದುರೆ ಲಾಳದ ಆಕಾರದ ಒಂದು ತಂತಿ ಕ್ಲಿಪ್ ಇರುತ್ತದೆ. ಸ್ಕ್ರೂ ಡ್ರೈವರ್ ಹಾಕಿ ಮೀಟಿದರೆ ಬಾಗಿಲಿನ ಪ್ಯಾಡು ಹರಿಯುತ್ತದೆ. ಬನಿಯನ್ನಿನ ಒಂದು ಪಟ್ಟಿ ಹರಿದು, ಹಿಡಿಕೆಯ ಹಿಂದೆ ತೂರಿಸಿ, ಬೂಟು ಪಾಲಿಶ್ ಮಾಡಿದಂತೆ ಆ ಕಡೆ ಈ ಕಡೆ ಎಳೆಯಬೇಕು. ಬಟ್ಟೆಗೆ ಸಿಕ್ಕಿ ಕ್ಲಿಪ್ ಹೊರಗೆ ಬರುತ್ತದೆ. ಬರುತ್ತದೆ ಅನ್ನುವುದಕ್ಕಿಂತ ಹಾರುತ್ತದೆ. ಬಿಚ್ಚಲು ಅರ್ಧ ನಿಮಿಷ, ಹುಡುಕಲು ಅರ್ಧ ತಾಸು.

ಚಾವಣಿಗೆ ನಾನು ಮೊದಲು ಕೊಟ್ಟ ಮದ್ದು ಡ್ರಾಯಿಂಗ್ ಪಿನ್ನು. 26 ಪಿನ್ನು ಚುಚ್ಚಿದೆ. ಬಟ್ಟೆ ಅಲ್ಲಲ್ಲಿ ಮೇಲೆ ಹೋಯಿತು, ನಡುನಡುವೆ ಉಬ್ಬಿ ಕೂತಿತು. ಪಕ್ಕದ ಮನೆಯ ಹುಡುಗ ಇಣುಕಿ ನೋಡಿ, "ಕಾಕಾ, ಗಾಡ್ಯಾಗ ಪೆಂಡಾಲ್ ಹಾಕಿಸೀರಿ? ಲೈಟಿನ ಸರಾ ಯಾವಾಗ?" ಅಂದ. ಎರಡು ದಿನ ಚೆನ್ನಾಗಿತ್ತು. ಮೂರನೇ ದಿನ ಸ್ಪೀಡ್ ಬ್ರೇಕರ್ ಹಾರಿಸಿದಾಗ ಒಂದು ಪಿನ್ನು ಸೀಟಿಗೆ ಬಿತ್ತು. ಅದು ಸಿಕ್ಕಿದ ಬಗೆಯನ್ನು ಇಲ್ಲಿ ಬರೆಯುವುದಿಲ್ಲ.

ಇದೆಲ್ಲ ನಡೆಯುತ್ತಿದ್ದುದು ಯಾವ ಊರಿನಲ್ಲಿ? ಗೋಳಗುಮ್ಮಟದ ಊರಿನಲ್ಲಿ. ಸುಮಾರು 44 ಮೀಟರ್ ಅಗಲದ ಗುಮ್ಮಟ, ಒಳಗೆ ಹೆಸರಿಗೂ ಒಂದು ಕಂಬವಿಲ್ಲ. ಅದರಡಿ ಮಲಗಿರುವ ಸುಲ್ತಾನ ಮುಹಮ್ಮದ್ ಆದಿಲ್ ಶಾಹ ತೀರಿಕೊಂಡದ್ದು 1656ರಲ್ಲಿ. ಅಂದಿನಿಂದ ಇಂದಿನವರೆಗೆ ಆತನ ನೆತ್ತಿಯ ಮೇಲಿನ ಚಾವಣಿ ಒಂದು ಗೇಣೂ ಜಗ್ಗಿಲ್ಲ. ನನ್ನದು ನಾಲ್ಕಡಿ ಅಗಲ, ಅದಕ್ಕೆ 26 ಪಿನ್ನಿನ ಆಸರೆ. ದಿನಾ ಅದರ ಮುಂದೆಯೇ ಆಫೀಸಿಗೆ ಹೋಗಬೇಕಾಗಿತ್ತು ನೋಡಿ, ಮರ್ಯಾದೆ ಪ್ರಶ್ನೆ.

ಸ್ಟೇಶನ್ ರೋಡ್ ಕಡೆ ಒಬ್ಬ ಕುಶನ್ ಕೆಲಸದವರಿದ್ದಾರೆ. ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ಉಜ್ಜಿ ನೋಡಿದರು. "ಬಟ್ಟೀದು ತಪ್ಪಿಲ್ರಿ ಸರ. ಅಂಟಿಂದೂ ಅಲ್ಲ. ನಡುವಿನ ಫೋಮ್ ಸತ್ತೈತಿ." ಅಲ್ಲಿಯವರೆಗೆ ನನಗೆ ಇದು ಗೊತ್ತೇ ಇರಲಿಲ್ಲ. ಆ ಬಟ್ಟೆಯ ಬೆನ್ನಿಗೆ ತೆಳ್ಳಗಿನ ಫೋಮ್ ಇರುತ್ತದೆ. ಅಂಟು ಹಿಡಿದಿರುವುದು ಫೋಮನ್ನು, ಫೋಮ್ ಹಿಡಿದಿರುವುದು ಬಟ್ಟೆಯನ್ನು. ನಮ್ಮ ಬಿಸಿಲಿಗೆ ವರ್ಷಾನುಗಟ್ಟಲೆ ಬೆಂದು ಆ ಫೋಮ್ ಪುಡಿಯಾಗುತ್ತದೆ. ಏಪ್ರಿಲ್‌ನಲ್ಲಿ ಊರೇ 40 ಡಿಗ್ರಿ ಇರುವಾಗ, ಗಾಜು ಏರಿಸಿ ನಿಲ್ಲಿಸಿದ ಗಾಡಿಯ ಒಳಗೆ ಏನಿರಬೇಡ! ಪುಡಿಯ ಮೇಲೆ ಎಷ್ಟು ಅಂಟು ಬಳಿದರೂ ಅದು ಪುಡಿಗೇ ಅಂಟುತ್ತದೆ. ಇನ್ನು ಪಿನ್ನಿಂದ ಏನಾಗಬೇಕು?

ಕೆಲಸ ನೋಡಲು ಅಲ್ಲೇ ಕೂತೆ. ಹೇಳಿಹೋದರೆ ಸಂಜೆಗೆ ಬನ್ನಿ ಅನ್ನುತ್ತಿದ್ದರು, ಆದರೆ ನೋಡುವ ಚಟ. ಸನ್ ವೈಸರ್, ಕೈಹಿಡಿಕೆಗಳು, ನಡುವಿನ ಲೈಟು ಎಲ್ಲ ಬಿಚ್ಚಿದರು. ಬಾಗಿಲ ಸುತ್ತಲಿನ ರಬ್ಬರ್ ಎಳೆದರು. ಮುಂದಿನ ಸೀಟುಗಳನ್ನು ಪೂರ್ತಿ ಮಲಗಿಸಿ, ಚಾವಣಿಯ ಬೋರ್ಡನ್ನು ಹಿಂದಿನ ಡಿಕ್ಕಿಯ ಬಾಗಿಲಿಂದ ಇಬ್ಬರು ಸೇರಿ ಹೊರತೆಗೆದರು. ಎಳೆಗೂಸನ್ನು ತೊಟ್ಟಿಲಿಂದ ಎತ್ತಿದಂತೆ, ಬಗ್ಗದ ಹಾಗೆ. ಬಗ್ಗಿದರೆ ಮುರಿಯುತ್ತದೆ, ಮುರಿದ ಗೆರೆ ಹೊಸ ಬಟ್ಟೆಯ ಕೆಳಗೂ ಕಾಣುತ್ತದಂತೆ. ಆಮೇಲೆ ಬಟ್ಟೆ ಕಿತ್ತು ಬ್ರಶ್ಶಿನಿಂದ ಉಜ್ಜಿದರು. ಅಬ್ಬಾ, ಆ ಪುಡಿ! ಥೇಟ್ ಪುಟಾಣಿ ಹಿಟ್ಟು. ಅಂಗಡಿಯ ಹುಡುಗ ಮೂಗಿಗೆ ಟವೆಲ್ ಕಟ್ಟಿಕೊಂಡು ಒಂದು ತಾಸು ಉಜ್ಜಿದ. ಅವನ ರೆಪ್ಪೆಗಳೆಲ್ಲ ಹಳದಿ.

ಹೊಸ ಬಟ್ಟೆಯ ಬೆನ್ನಿಗೂ ಬೋರ್ಡಿಗೂ ಎರಡಕ್ಕೂ ಅಂಟು ಬಳಿದು ಸುಮ್ಮನೆ ಕೂತರು. ನನಗೆ ತಡೆಯಲಿಲ್ಲ. "ಹಚ್ರಿ, ಒಣಗತೈತಿ" ಅಂದೆ. "ಒಣಗಲಿ ಅಂತನ ಬಿಟ್ಟೀವ್ರಿ" ಅಂದರು. ಬೆರಳು ಮುಟ್ಟಿಸಿದರೆ ಮೆತ್ತಬಾರದು, ಆಗ ಒಂದಕ್ಕೊಂದು ಕೂಡಿಸಬೇಕು. ಕೂಡಿಸಿದ ಮೇಲೆ ಕಿತ್ತು ಸರಿಮಾಡುವ ಹಾಗಿಲ್ಲ. ಅದಕ್ಕೇ ಅರ್ಧ ಬಟ್ಟೆ ಮಡಚಿಟ್ಟು, ನಡುವಿನಿಂದ ಅಂಚಿನ ಕಡೆಗೆ, ಅಂಗೈಯಿಂದ ಸವರುತ್ತಾ ಹೋದರು. ಒಂದು ಸುಕ್ಕಿಲ್ಲ. ಬಟ್ಟೆ ಕಿತ್ತಾಗ ಬಂದ ಪಿನ್ನುಗಳನ್ನು ಎಣಿಸಿ ನನ್ನ ಕೈಗೆ ಕೊಟ್ಟರು. 23. ಸೀಟಿನ ಮೇಲೆ ಸಿಕ್ಕಿದ್ದು ಒಂದು.

ಒಳಗೆ ಒಂದು ಹೊಸದಾದರೆ ಉಳಿದವೆಲ್ಲ ಹಳತಾಗಿ ಕಾಣುತ್ತವೆ. ಈಗ ಡ್ಯಾಶ್‌ಬೋರ್ಡಿನ ಬಿರುಕು ಕಣ್ಣಿಗೆ ಬಿತ್ತು. ಬಿಸಿಲಿಗೆ ಪ್ಲಾಸ್ಟಿಕ್ಕಿನೊಳಗಿನ ಮೆದುಮಾಡುವ ಎಣ್ಣೆಯಂಥ ಪದಾರ್ಥ ಆರಿಹೋಗುತ್ತದೆ. ಮುಂದಿನ ಗಾಜಿನ ಒಳಬದಿಗೆ ಮಂಜಿನಂತೆ ಜಿಡ್ಡು ಕೂರುತ್ತದಲ್ಲ, ಅದು ಇದೇ. ಬಿರುಕಿಗೆ ಮದ್ದಿಲ್ಲ, ಮುಚ್ಚಬೇಕಷ್ಟೆ. ಅವ್ವ ಹೊಲಿದ ಹಳೇ ಕೌದಿಯ ಒಂದು ತುಂಡು ಹಾಸಿದೆ. ಏರ್‌ಬ್ಯಾಗ್ ಇರುವ ಗಾಡಿಗೆ ಈ ಉಪಾಯ ಬೇಡ, ನಮ್ಮದರಲ್ಲಿ ಅದಿಲ್ಲ. ಬಿಳಿ ಬದಿ ಮೇಲಿತ್ತು. ಮಧ್ಯಾಹ್ನ ಹೊರಟರೆ ಗಾಜಿನ ತುಂಬ ಅದರದೇ ಪ್ರತಿಬಿಂಬ. ಆ ಬಿಳಿ ತುಂಡು ಅಪ್ಪನ ಧೋತರದ್ದು. ಗಾಂಧಿ ಚೌಕಿನವರೆಗೂ ಅಪ್ಪನ ಧೋತರ ರಸ್ತೆಯ ಮೇಲೆ ತೇಲುತ್ತಾ ಬಂತು. ಮನೆಗೆ ಬಂದವನೇ ಕೌದಿ ತಿರುವಿ, ಕಪ್ಪು ಸೀರೆಯ ಬದಿ ಮೇಲೆ ಮಾಡಿದೆ.

ಎಲ್ಲ ಮುಗಿಯಿತು ಅಂದುಕೊಂಡಾಗ ಶುರುವಾಯಿತು ಸದ್ದು. ಟಿಣ್. ಸ್ವಲ್ಪ ಹೊತ್ತು ಸುಮ್ಮನೆ. ಮತ್ತೆ ಟಿಣ್. ಗುಮ್ಮಟದಲ್ಲಿ ಒಂದು ಸದ್ದು ಏಳು ಸಲ ಕೇಳುತ್ತದೆ ಅಂತಾರೆ. ಅಲ್ಲಿ ಕೂಗಿದವನಾದರೂ ಕಾಣುತ್ತಾನೆ. ಇಲ್ಲಿ ಎಡಕ್ಕೆ ಕಿವಿಗೊಟ್ಟರೆ ಬಲಕ್ಕೆ ಕೇಳುತ್ತದೆ. ಗಾಡಿ ನಿಲ್ಲಿಸಿದರೆ ಅದೂ ನಿಲ್ಲುತ್ತದೆ. ಭಾನುವಾರ ಹೆಂಡತಿಗೆ ಸ್ಟೇರಿಂಗ್ ಕೊಟ್ಟೆ. ನಾನು ಹಿಂದೆ ಮಂಡಿಯೂರಿ ಒಂದೊಂದು ಪ್ಯಾನೆಲ್ ಒತ್ತಿ ಹಿಡಿಯುತ್ತಾ ಹೋದೆ. ಅವಳು ಸೊಲ್ಲಾಪುರ ರಸ್ತೆಯಲ್ಲಿ ಬೇಕಂತಲೇ ತಗ್ಗು ಹುಡುಕಿ ಹುಡುಕಿ ಇಳಿಸಿದಳು. ಎಡಗಡೆ ಸೀಟ್ ಬೆಲ್ಟಿನ ಕಂಬದ ಪ್ಲಾಸ್ಟಿಕ್ ಒತ್ತಿದಾಗ ಸದ್ದು ನಿಂತಿತು.

ಗಾಡಿ ಬದಿಗೆ ಹಾಕಿಸಿ, ಮೇಲಿನ ಪಟ್ಟಿ ಎಳೆದು, ಕೈ ತೂರಿಸಿದೆ. ಹಸಿರು ತಲೆಯ ಒಂದು ಡ್ರಾಯಿಂಗ್ ಪಿನ್ನು.

ಹೆಂಡತಿ ಅದನ್ನು ಇಸಿದುಕೊಂಡು ಅಂಗೈಯಲ್ಲಿ ಹೊರಳಿಸಿ ನೋಡಿದಳು. ಮನಸ್ಸಿನಲ್ಲೇ ಲೆಕ್ಕ ಹಾಕಿದಳು.

"ಚುಚ್ಚಿದ್ದು 26 ಅಂದಿದ್ರಲ್ಲ? ಇದು ಹಿಡಿದು 25 ಆತು ನೋಡ್ರಿ."